ಯಾರೂ ಕೇಳದ ಹಾಡು, ಯಾರನ್ನೂ ಕೇಳದ ಡ್ರಮ್ಮು

ಆರ್‌ಸಿಬಿ ಸೋತ ರಾತ್ರಿಗಳಲ್ಲಿ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂಪ್ರದಾಯವಿತ್ತು. ಪಂದ್ಯ ಮುಗಿದ ಹತ್ತು ನಿಮಿಷದೊಳಗೆ ಅಕ್ಕನ ಮಗ ಒಂದು ವಿಡಿಯೊ ಹಾಕುತ್ತಿದ್ದ. ಕೆಂಪು ಅಂಗಿಯ ಅಭಿಮಾನಿಯೊಬ್ಬ ಗ್ಯಾಲರಿಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾನೆ. ಚಿತ್ರ ಬಣ್ಣ ಕಳೆದುಕೊಂಡು ಕಪ್ಪುಬಿಳುಪಾಗುತ್ತದೆ. ಕ್ಯಾಮೆರಾ ನಿಧಾನಕ್ಕೆ ಅವನ ಮುಖದ ಹತ್ತಿರ ಸರಿಯುತ್ತದೆ. ಹಿಂದಿನಿಂದ ಒಂದು ಗಿಟಾರು, ಅದರ ಮೇಲೆ ಒಂದಕ್ಕೊಂದು ಅಂಟಿಕೊಂಡ ಎರಡು ಗಂಡು ದನಿ. ಹತ್ತೇ ಸೆಕೆಂಡು, ಅಷ್ಟಕ್ಕೆ ಕಟ್. ನಾವೆಲ್ಲ ನಗುವ ಮುಖ ಒತ್ತಿ ಮಲಗುತ್ತಿದ್ದೆವು. ಒಂದು ಸಲ ಹುಡುಗ ಎದುರಿಗೆ ಸಿಕ್ಕಾಗ ಕೇಳಿದ: "ಮಾಮಾ, ಆ ಮೀಮ್ ಹಾಡಿಗೆ ಮುಂದೆ ಏನಾದರೂ ಇದೆಯಾ, ಇಲ್ಲ ಅಷ್ಟೇನಾ?"

ಇದೆ ಮಾರಾಯ. ಮೂರು ನಿಮಿಷ ಚಿಲ್ಲರೆ ಇದೆ. ಅದರ ಹಿಂದೆ ಒಂದು ಬಚ್ಚಲುಮನೆ, ಸಾವಿರ ಲೆಕ್ಕದಲ್ಲಿ ಮಾತ್ರ ಮಾರಾಟವಾದ ಒಂದು ಸೋತ ಆಲ್ಬಂ, ಹೇಳದೆ ಕೇಳದೆ ಒಳಗೆ ನುಗ್ಗಿದ ಒಬ್ಬ ಡ್ರಮ್ಮರ್, ಮತ್ತು ಇತಿಹಾಸ ಅಷ್ಟಾಗಿ ನೆನಪಿಟ್ಟುಕೊಳ್ಳದ ಒಬ್ಬ ಕಪ್ಪು ಜನಾಂಗದ ನಿರ್ಮಾಪಕ ಇದ್ದಾರೆ.

'ದಿ ಸೌಂಡ್ ಆಫ್ ಸೈಲೆನ್ಸ್' ನನ್ನ ಕಿವಿಗೆ ಬಿದ್ದದ್ದು ಕಾಲೇಜು ಹಾಸ್ಟೆಲಿನಲ್ಲಿ. ಆಗ ಬೆಂಗಳೂರಿನಲ್ಲಿ ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಪಟ್ಟಿ ಕೊಟ್ಟರೆ ಮೂರು ದಿನಕ್ಕೆ ತುಂಬಿಸಿಕೊಡುವ ಅಂಗಡಿಗಳಿದ್ದವು. ಹಿರಿಯ ವಿದ್ಯಾರ್ಥಿಯೊಬ್ಬ ಹಾಗೆ ತುಂಬಿಸಿಕೊಂಡು ಬಂದ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಇದಿತ್ತು. ಕನ್ನಡ ಮಾಧ್ಯಮದಿಂದ ಬಂದ ನನಗೆ ಇಂಗ್ಲಿಷ್ ಹಾಡೆಂದರೆ ಅರ್ಧ ಊಹೆ. ಪ್ರತಿ ಚರಣದ ಕೊನೆಯಲ್ಲಿ ಬರುವ 'ಸೈಲೆನ್ಸ್' ಎಂಬ ಒಂದು ಶಬ್ದ ಮಾತ್ರ ಸ್ಪಷ್ಟ. ನಮ್ಮ ಮೇಷ್ಟ್ರು ಬೆತ್ತದಿಂದ ಮೇಜು ಬಡಿದು ಕೂಗುತ್ತಿದ್ದ ಶಬ್ದ ಅದು. ಅದನ್ನೇ ಇಷ್ಟು ಮೆತ್ತಗೆ ಹೇಳಬಹುದು ಎಂಬುದೇ ನನಗೆ ಹೊಸ ವಿಷಯ.

ಹಾಡಿನ ಕರ್ತೃ ಪಾಲ್ ಸೈಮನ್. ಹುಟ್ಟಿದ್ದು 1941ರ ಅಕ್ಟೋಬರಿನಲ್ಲಿ, ಬೆಳೆದದ್ದು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ. ಮೂರು ವಾರ ಕಿರಿಯನಾದ ಆರ್ಟ್ ಗಾರ್ಫಂಕೆಲ್ ಅದೇ ಬಡಾವಣೆಯವನು. ಇಬ್ಬರ ಸ್ನೇಹ ಕುದುರಿದ್ದು ಶಾಲೆಯ ನಾಟಕದಲ್ಲಿ. 'ಆಲಿಸ್ ಇನ್ ವಂಡರ್‌ಲ್ಯಾಂಡ್' ಆಡಿದಾಗ ಸೈಮನ್ ಬಿಳಿ ಮೊಲ, ಗಾರ್ಫಂಕೆಲ್ ನಗುವ ಬೆಕ್ಕು. ರೇಡಿಯೊದಲ್ಲಿ ಎವರ್ಲಿ ಸಹೋದರರು ಹಾಡುವುದನ್ನು ಕೇಳಿ ಕೇಳಿ, ಮುಖಕ್ಕೆ ಮುಖ ಕೊಟ್ಟು ಕೂತು, ಇನ್ನೊಬ್ಬನ ತುಟಿ ನೋಡುತ್ತ ಹಾಡುವುದನ್ನು ಕಲಿತರು. ಹದಿನಾರನೇ ವಯಸ್ಸಿಗೆ, 1957ರಲ್ಲಿ, 'ಟಾಮ್ ಆ್ಯಂಡ್ ಜೆರ್ರಿ' ಎಂಬ ಹೆಸರಿನಲ್ಲಿ ಒಂದು ಹಾಡು ಹೊರಬಂದು ಬಿಲ್‌ಬೋರ್ಡ್ ಪಟ್ಟಿಯ 49ನೇ ಸ್ಥಾನದವರೆಗೆ ಹೋಯಿತು. ಟಿ.ವಿಯಲ್ಲೂ ಕಾಣಿಸಿಕೊಂಡರು. ಆಮೇಲೆ ಏನೂ ಆಗಲಿಲ್ಲ. ಹದಿನಾರಕ್ಕೇ ಮಾಜಿ ತಾರೆಯಾಗುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು.

ಬಚ್ಚಲುಮನೆ ಗಾಯಕ ಎಂದು ನಾವು ತಮಾಷೆ ಮಾಡುತ್ತೇವಲ್ಲ, ಸೈಮನ್ ನಿಜಕ್ಕೂ ಅದೇ. ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ, ತಂದೆತಾಯಿಯ ಮನೆ. ಬಚ್ಚಲಿನ ಹೆಂಚುಗೋಡೆಗೆ ಬಡಿದು ದನಿ ತಿರುಗಿ ಬರುತ್ತದೆ ಎಂಬ ಕಾರಣಕ್ಕೆ ಗಿಟಾರು ಹಿಡಿದು ಅಲ್ಲಿ ಹೋಗಿ ಕೂರುತ್ತಿದ್ದ. ನಲ್ಲಿ ತಿರುಗಿಸಿ ಬಿಡುತ್ತಿದ್ದ, ನೀರಿನ ಸದ್ದು ಹಿತವಾಗಿತ್ತಂತೆ. ದೀಪ ಆರಿಸಿಬಿಡುತ್ತಿದ್ದ. ಹಾಡಿನ ಆರಂಭದಲ್ಲಿ ಕತ್ತಲೆಯನ್ನು ಹಳೆಯ ಪರಿಚಯಸ್ಥನಂತೆ ಮಾತಾಡಿಸುವುದು ಕೇಳಿ ದೊಡ್ಡ ದೊಡ್ಡ ತತ್ವ ಹುಡುಕಿದವರಿದ್ದಾರೆ. ಮೊದಲ ಅರ್ಥ ಇಷ್ಟೇ: ಬಚ್ಚಲಿನಲ್ಲಿ ದೀಪ ಇರಲಿಲ್ಲ. ಉಳಿದ ಅರ್ಥಗಳು ಆಮೇಲೆ ಬಂದು ಕೂತವು.

ರಾಗ ಬೇಗ ಸಿಕ್ಕಿತಾದರೂ ಪದಗಳು ಸತಾಯಿಸಿದವು. ಮುಗಿಯುವ ಹೊತ್ತಿಗೆ 1964ರ ಫೆಬ್ರವರಿ ಬಂದಿತ್ತು. ಹಿಂದಿನ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು, ಇಡೀ ಅಮೆರಿಕ ಮಂಕು ಬಡಿದು ಕೂತಿತ್ತು. ಹಾಗಾಗಿ ಇದು ಕೆನಡಿಗೆ ಬರೆದ ಶೋಕಗೀತೆ ಎಂಬ ಮಾತು ಹುಟ್ಟಿತು, ಇವತ್ತಿಗೂ ಓಡಾಡುತ್ತಿದೆ. ಸೈಮನ್ ಅದನ್ನು ಒಪ್ಪಿದವನಲ್ಲ. ಹರೆಯ ಇಳಿದು ಯೌವನ ಏರುವ ಹೊತ್ತಿನ ತಳಮಳ ಅದು, ನನ್ನ ಮಾತು ಯಾರೂ ಕೇಳುತ್ತಿಲ್ಲ, ಯಾರ ಮಾತೂ ಯಾರೂ ಕೇಳುತ್ತಿಲ್ಲ ಎಂಬ ಕೊರಗು ಎಂದು ಆಮೇಲೆ ಹೇಳಿಕೊಂಡಿದ್ದಾನೆ. ನನಗೆ ಈ ವಿವರಣೆಯೇ ಹೆಚ್ಚು ಸರಿಯೆನಿಸುತ್ತದೆ. ರಾಜಕೀಯ ಹಾಡುಗಳು ಬೆರಳು ತೋರಿಸಿ ಹೇಳುತ್ತವೆ. ಇದು ಹಾಗಲ್ಲ, ರಾತ್ರಿ ಒಬ್ಬನೇ ನಡೆದು ಬಂದವನು ಬೆಳಗಿನ ಜಾವ ಹೇಳಿದ ಕನಸು.

ಇನ್ನೊಂದು ಕಥೆಯೂ ಇದೆ. ಕಾಲೇಜಿನಲ್ಲಿ ಗಾರ್ಫಂಕೆಲ್‌ನ ಕೋಣೆ ಹಂಚಿಕೊಂಡಿದ್ದ ಸ್ಯಾಂಡಿ ಗ್ರೀನ್‌ಬರ್ಗ್ ಕಣ್ಣು ಕಳೆದುಕೊಂಡ. ಗಾರ್ಫಂಕೆಲ್ ಅವನಿಗೆ ಪಾಠ ಓದಿ ಹೇಳುತ್ತಿದ್ದ, ಓದುವಾಗ ತನ್ನನ್ನೇ 'ಕತ್ತಲೆ' ಎಂದು ಕರೆದುಕೊಳ್ಳುತ್ತಿದ್ದ. ಗ್ರೀನ್‌ಬರ್ಗ್ ಮುಂದೆ ದೊಡ್ಡ ಉದ್ಯಮಿಯಾಗಿ ಈ ನೆನಪುಗಳನ್ನು 2020ರಲ್ಲಿ ಪುಸ್ತಕವಾಗಿಸಿದ. ಮನಸ್ಸಿಗೆ ತಟ್ಟುವ ಸ್ನೇಹ. ಆದರೆ ಹಾಡೇ ಅವನ ಮೇಲೆ ಬರೆದದ್ದು ಎಂದು ಫೇಸ್‌ಬುಕ್ಕಿನಲ್ಲಿ ಹರಿದಾಡುವ ಮಾತಿಗೆ ಆಧಾರವಿಲ್ಲ. ಬರೆದವನು ಸೈಮನ್, ಓದಿ ಹೇಳಿದವನು ಗಾರ್ಫಂಕೆಲ್. ಒಳ್ಳೆಯ ಹಾಡಿಗೆ ಒಳ್ಳೆಯ ಕಥೆ ಬೇಕೇ ಬೇಕು ಎಂಬ ಹಟ ನಮಗೆಲ್ಲ ಇರುತ್ತದೆ.

ಇನ್ನು ಆ ನಿರ್ಮಾಪಕ, ಟಾಮ್ ವಿಲ್ಸನ್.

ಟೆಕ್ಸಾಸಿನ ವೇಕೊ ಊರಿನವನು, 1931ರಲ್ಲಿ ಹುಟ್ಟಿದವನು, ಹಾರ್ವರ್ಡಿನ ಪದವೀಧರ. ಐವತ್ತರ ದಶಕದಲ್ಲಿ ಸಾಲ ಮಾಡಿ ಸ್ವಂತ ಜಾಝ್ ಕಂಪನಿ ತೆರೆದು, ಆಗಿನ್ನೂ ಯಾರಿಗೂ ಬೇಡವಾಗಿದ್ದ ಸನ್ ರಾ, ಸೆಸಿಲ್ ಟೇಲರ್ ಅಂಥವರನ್ನು ಧ್ವನಿಮುದ್ರಿಸಿದವನು. ಕೊಲಂಬಿಯಾ ರೆಕಾರ್ಡ್ಸ್ ಸೇರಿದಾಗ ಅವನ ಪಾಲಿಗೆ ಬಂದದ್ದು ಬಾಬ್ ಡಿಲನ್. ಜನಪದ ಹಾಡೆಂದರೆ ಅವನಿಗೆ ಅಷ್ಟಕ್ಕಷ್ಟೆ. ಜಾಝ್ ಕಿವಿಯವನಿಗೆ ಬರೀ ಗಿಟಾರು ಮತ್ತು ಮೌತ್ ಆರ್ಗನ್ ಸಪ್ಪೆ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಅಷ್ಟಕ್ಕಷ್ಟೆಯೇ ಮುಂದೆ ಕೆಲಸಕ್ಕೆ ಬಂತು. ಭಕ್ತನಾಗಿದ್ದರೆ ಗರ್ಭಗುಡಿಯೊಳಗೆ ಸುತ್ತಿಗೆ ತರುತ್ತಿರಲಿಲ್ಲ.

ಸೈಮನ್ ಅವನ ಬಳಿ ಹೋದದ್ದು ಹಾಡುಗಾರನಾಗಿ ಅಲ್ಲ, ಹಾಡಿನ ವ್ಯಾಪಾರಿಯಾಗಿ. ಸಂಗೀತ ಪ್ರಕಾಶನದ ಒಂದು ಕಂಪನಿಯಲ್ಲಿ ಅವನಿಗೆ ಹಾಡು ಮಾರುವ ಕೆಲಸ. ವಿಲ್ಸನ್‌ಗೆ ಸೈಮನ್‌ನದೇ ಒಂದು ಹಾಡು ಹಿಡಿಸಿತು, ಬೇರೆ ತಂಡಕ್ಕೆ ಕೊಡಿಸೋಣ ಎಂದ. ನಾನೂ ನನ್ನ ಗೆಳೆಯನೂ ಒಂದು ಸಲ ಹಾಡಿ ತೋರಿಸುತ್ತೇವೆ ಎಂದು ಸೈಮನ್ ಗಂಟುಬಿದ್ದ. ಹಾಡಿದರು. 1964ರ ಮಾರ್ಚಿನಲ್ಲಿ 'ಸೌಂಡ್ ಆಫ್ ಸೈಲೆನ್ಸ್' ಧ್ವನಿಮುದ್ರಣವಾಯಿತು. ಧ್ವನಿಯ ಉಸ್ತುವಾರಿ ರಾಯ್ ಹ್ಯಾಲಿಯದು. ಗಿಟಾರು, ದನಿ, ಅಷ್ಟೇ, ಡ್ರಮ್ಮಿನ ಸುಳಿವಿಲ್ಲ. ಆಲ್ಬಮ್ಮಿಗೆ ಬಾಸ್ ನುಡಿಸಿದವನು ಬಿಲ್ ಲೀ, ಮುಂದೆ ಸಿನಿಮಾ ನಿರ್ದೇಶಕನಾಗಿ ಹೆಸರಾದ ಸ್ಪೈಕ್ ಲೀಯ ಅಪ್ಪ.

ಆಲ್ಬಂ ಅಕ್ಟೋಬರಿನಲ್ಲಿ ಹೊರಬಂತು. ಮಾರಾಟವಾದದ್ದು ಮೂರು ಸಾವಿರದ ಆಸುಪಾಸು. ಅಮೆರಿಕದಂಥ ದೇಶದಲ್ಲಿ ಇದು ಮದುವೆ ಮನೆಗೆ ಹೋಗಿ ಪಾನಕ ಮಾತ್ರ ಕುಡಿದು ಬಂದ ಹಾಗೆ. ಆ ವರ್ಷ ಬೀಟಲ್ಸ್ ಬಂದಿಳಿದಿದ್ದರು, ಉಳಿದ ಯಾರ ಹಾಡಿಗೂ ಜಾಗ ಇರಲಿಲ್ಲ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಜನಪದ ಹಾಡುಗಾರರೂ ಈ ಇಬ್ಬರನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಅಲ್ಲಿಯ ಹಿರಿಯ ಡೇವ್ ವಾನ್ ರಾಂಕ್ ತನ್ನ ಆತ್ಮಕಥೆಯಲ್ಲಿ ನೆನೆಸಿಕೊಂಡಂತೆ, ಆ ಬಳಗದಲ್ಲಿ ಈ ಹಾಡಿನ ಮೊದಲ ಪದಗಳನ್ನು ಯಾರಾದರೂ ಅಂದರೆ ಸಾಕು, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅಂದರೆ ನಮ್ಮ ಹುಡುಗರು ಇದನ್ನು ಮೀಮ್ ಮಾಡುವ ಐವತ್ತು ವರ್ಷ ಮೊದಲೇ ಅದು ಮೀಮ್ ಆಗಿತ್ತು.

ಜೋಡಿ ಮುರಿಯಿತು. ಸೈಮನ್ ಇಂಗ್ಲೆಂಡಿಗೆ ಹಾರಿ ಅಲ್ಲಿಯ ಸಣ್ಣ ಸಣ್ಣ ಕ್ಲಬ್ಬುಗಳಲ್ಲಿ ಹಾಡತೊಡಗಿದ, ಲಂಡನ್ನಿನಲ್ಲಿ ಒಬ್ಬನೇ ಒಂದು ಆಲ್ಬಂ ಮಾಡಿದ. ಅದರಲ್ಲೂ ಈ ಹಾಡಿದೆ, ಕಾಲಿನಿಂದ ತಾಳ ಹಾಕುತ್ತ ಸಿಟ್ಟಿನಿಂದ ಹಾಡಿದ್ದಾನೆ. ಗಾರ್ಫಂಕೆಲ್ ಕೊಲಂಬಿಯಾ ವಿಶ್ವವಿದ್ಯಾಲಯದ ಓದಿಗೆ ಮರಳಿದ. ಯಾರೂ ಕೇಳದ ಹಾಡು ಗೋದಾಮಿನಲ್ಲಿ ದೂಳು ತಿನ್ನುತ್ತ ಕೂತಿತು.

ಪೂರ್ತಿ ಕೂತಿರಲಿಲ್ಲ. ಬಾಸ್ಟನ್ನಿನ ಡಬ್ಲ್ಯುಬಿಝಡ್ ರೇಡಿಯೊದಲ್ಲಿ ಡಿಕ್ ಸಮರ್ ಎಂಬ ನಿರೂಪಕ ತಡರಾತ್ರಿ ಪಾಳಿ ಮಾಡುತ್ತಿದ್ದ. ರಾತ್ರಿ ಹೊತ್ತು ಬಹು ದೂರದವರೆಗೆ ಕೇಳಿಸುವ ಐವತ್ತು ಸಾವಿರ ವಾಟ್‌ನ ಕೇಂದ್ರ ಅದು. 1965ರ ಆರಂಭದಲ್ಲಿ ಈ ಹಾಡನ್ನು ಅವನು ಹಾಕತೊಡಗಿದ. ಪರೀಕ್ಷೆಗೆ ಓದುತ್ತ ನಿದ್ದೆಗೆಟ್ಟಿದ್ದ ಕಾಲೇಜು ಹುಡುಗ ಹುಡುಗಿಯರಿಗೆ ಅದು ಹಿಡಿಯಿತು. ವಸಂತದ ರಜೆಗೆ ಅವರು ಫ್ಲಾರಿಡಾದ ಕಡಲತೀರಕ್ಕೆ ಹೋದರು, ಅಲ್ಲಿಯ ಅಂಗಡಿ, ರೇಡಿಯೊಗಳಲ್ಲೂ ಅದೇ ಹಾಡು ಕೇಳಿದರು. ಕಂಪನಿಯ ಮಾರಾಟಗಾರರು ನ್ಯೂಯಾರ್ಕಿಗೆ ಸುದ್ದಿ ಮುಟ್ಟಿಸಿದರು: ಸತ್ತ ಆಲ್ಬಮ್ಮಿನ ಒಂದು ಹಾಡು ಉಸಿರಾಡುತ್ತಿದೆ.

ಆ ಹೊತ್ತಿಗೆ ವಿಲ್ಸನ್‌ನ ತಲೆಯಲ್ಲಿ ಬೇರೊಂದು ಹುಳ ಕೊರೆಯುತ್ತಿತ್ತು. 1964ರಲ್ಲಿ ಇಂಗ್ಲೆಂಡಿನ 'ಅನಿಮಲ್ಸ್' ತಂಡ ಹಳೆಯ ಜನಪದ ಹಾಡೊಂದನ್ನು ವಿದ್ಯುತ್ ಗಿಟಾರು, ಆರ್ಗನ್ ಜೊತೆ ಹಾಡಿ ಗೆದ್ದಿತ್ತು. ಅದೇ ವರ್ಷದ ಕೊನೆಗೆ ವಿಲ್ಸನ್ ಡಿಲನ್‌ನ ಹಳೆಯ ಟೇಪೊಂದನ್ನು ತೆಗೆದು, ಅದರ ಮೇಲೆ ವಿದ್ಯುತ್ ವಾದ್ಯಗಳನ್ನು ಕೂರಿಸಿ ನೋಡಿದ್ದ. ಸರಿಹೋಗಲಿಲ್ಲ, ಬಿಟ್ಟ. 1965ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ 'ಬರ್ಡ್ಸ್' ತಂಡ ಡಿಲನ್‌ನದೇ ಹಾಡಿಗೆ ಹನ್ನೆರಡು ತಂತಿಯ ವಿದ್ಯುತ್ ಗಿಟಾರು ಸೇರಿಸಿ ಮೊದಲ ಸ್ಥಾನಕ್ಕೇರಿತು. ಪತ್ರಿಕೆಗಳಿಗೆ ಒಂದು ಹೊಸ ಶಬ್ದ ಸಿಕ್ಕಿತು: ಫೋಕ್ ರಾಕ್. ಅದೇ ತಿಂಗಳು ವಿಲ್ಸನ್ ಸ್ಟುಡಿಯೊದಲ್ಲಿ ಡಿಲನ್‌ನಿಂದ 'ಲೈಕ್ ಎ ರೋಲಿಂಗ್ ಸ್ಟೋನ್' ಹಾಡಿಸಿದ.

ಆ ಬೇಸಿಗೆಯಲ್ಲೇ ಅವನು ಡಿಲನ್‌ಗೆ ನುಡಿಸುತ್ತಿದ್ದ ಗಿಟಾರಿನ ಅಲ್ ಗೊರ್ಗೋನಿ, ಡ್ರಮ್ಮಿನ ಬಾಬಿ ಗ್ರೆಗ್, ಜೊತೆಗೆ ಗಿಟಾರಿನ ವಿನ್ನಿ ಬೆಲ್ ಮೊದಲಾದವರನ್ನು ಕರೆಸಿ ಒಂದು ಹಳೆಯ ಟೇಪು ಹಾಕಿದ. ಹದಿನೈದು ತಿಂಗಳ ಹಿಂದೆ ಇಬ್ಬರು ಹುಡುಗರು ಹಾಡಿಟ್ಟು ಹೋದದ್ದು. ಇದರ ಮೇಲೆ ನುಡಿಸಿ ಎಂದ.

ಹೇಳಿದಷ್ಟು ಸುಲಭದ ಕೆಲಸವಲ್ಲ. ತಬಲಾದವನು ಎದುರಿಗಿದ್ದರೆ ಹಾಡುವವನು ತುಸು ಎಳೆದರೂ ನಡೆಯುತ್ತದೆ, ಕಣ್ಣಲ್ಲೇ ಹೊಂದಿಸಿಕೊಳ್ಳುತ್ತಾರೆ. ತಾಳವಾದ್ಯವೇ ಇಲ್ಲದೆ ಹಾಡಿದ ಹಾಡಿನಲ್ಲಿ ಲಯ ಉಸಿರಿನ ಲೆಕ್ಕ: ಎಲ್ಲೋ ಒಂದು ಕಡೆ ಓಡುತ್ತದೆ, ಭಾವ ಬಂದಲ್ಲಿ ನಿಲ್ಲುತ್ತದೆ. ಸೈಮನ್ ಮತ್ತು ಗಾರ್ಫಂಕೆಲ್ ತುಟಿ ನೋಡಿಕೊಂಡು ಹಾಡಿದವರು, ಗಡಿಯಾರ ನೋಡಿಕೊಂಡಲ್ಲ. ಈಗ ಆ ಇಬ್ಬರು ಟೇಪಿನಲ್ಲಿ ಬಂದಿಗಳು, ಅವರು ಕಾಯುವುದಿಲ್ಲ, ಕಣ್ಣು ಕೊಡುವುದಿಲ್ಲ. ವಾದ್ಯದವರೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅವರ ಹಿಂದೆ ಹೋಗಬೇಕು. ಹಾಗೂ ಹೀಗೂ ಹೋದರು. ಮೊದಲ ಚರಣ ಹೆಚ್ಚುಕಡಿಮೆ ಹಳೆಯ ಹಾಗೆಯೇ ಇದೆ, ಎರಡನೆಯ ಚರಣಕ್ಕೆ ಡ್ರಮ್ಮು ಒಳಗೆ ಬರುತ್ತದೆ. ಅಷ್ಟೇ ಬದಲಾವಣೆ. ಇದ್ದಕ್ಕಿದ್ದಂತೆ ಕೋಣೆಯಲ್ಲಿದ್ದ ಹಾಡು ಬೀದಿಗೆ ಬರುತ್ತದೆ.

ಹಾಡಿದವರಿಬ್ಬರನ್ನು ವಿಲ್ಸನ್ ಒಂದು ಮಾತು ಕೇಳಲಿಲ್ಲ. ಫೋನು ಮಾಡಲಿಲ್ಲ, ಕಾಗದ ಬರೆಯಲಿಲ್ಲ. ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ ಎಂದು ಗೋಳಾಡುವ ಹಾಡಿಗೆ ಆ ಗೋಳಿಗೆ ತಕ್ಕ ಹಾಗೆಯೇ ಮರುಜನ್ಮ ಸಿಕ್ಕಿತು.

ಸೆಪ್ಟೆಂಬರಿನಲ್ಲಿ ಹೊಸ ರೂಪ ಬಿಡುಗಡೆಯಾಯಿತು. ಯುರೋಪಿನ ಕ್ಲಬ್ಬುಗಳಲ್ಲಿ ಹಾಡಿಕೊಂಡಿದ್ದ ಸೈಮನ್‌ಗೆ ಸುದ್ದಿ ತಿಳಿದದ್ದು ತಡವಾಗಿ, ಹಾಡು ಆಗಲೇ ಪಟ್ಟಿ ಹತ್ತುತ್ತಿದ್ದಾಗ. ರೆಕಾರ್ಡು ಕೈಗೆ ಬಂದಾಗ ಅವನಿಗೆ ಆದದ್ದು ಆನಂದವಲ್ಲ, ಗಾಬರಿ. ಲಂಡನ್ನಿನಲ್ಲಿ ಅವನ ಪಕ್ಕದ ಕೋಣೆಯಲ್ಲಿದ್ದ ಗಾಯಕ ಅಲ್ ಸ್ಟುವರ್ಟ್ ನೆನೆಸಿಕೊಳ್ಳುವಂತೆ, ಒಂದು ಕಡೆ ಹಾಡುವವರ ದನಿ ಹಿಂದೆ ಬಿದ್ದಿದೆ, ಅವರು ಬಂದು ಸೇರಿಕೊಳ್ಳಲಿ ಎಂದು ಡ್ರಮ್ಮು ಬಾಸುಗಳು ನಡಿಗೆ ನಿಧಾನಿಸುತ್ತವೆ. ಅದನ್ನು ಕೇಳಿ ಸೈಮನ್ ಬೆಚ್ಚಿಬಿದ್ದನಂತೆ. ಸ್ವಂತ ಮಗುವಿಗೆ ಯಾರೋ ಅಪರಿಚಿತರು ಬಟ್ಟೆ ತೊಡಿಸಿ, ಗುಂಡಿ ಹೆಚ್ಚುಕಮ್ಮಿ ಹಾಕಿದಂತೆ.

ಗುಂಡಿ ಹೆಚ್ಚುಕಮ್ಮಿ ಆದದ್ದು ಉಳಿದ ಯಾರ ಕಣ್ಣಿಗೂ ಬೀಳಲಿಲ್ಲ. 1966ರ ಜನವರಿ 1ರ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನದಲ್ಲಿತ್ತು. ಮರುವಾರ ಬೀಟಲ್ಸ್ ಕೆಳಗಿಳಿಸಿದರು, ಅದೇ ತಿಂಗಳು ಮತ್ತೆ ಹತ್ತಿ ಕೂತಿತು. ಆ ದಿನಗಳ ಒಂದು ಪ್ರಸಂಗವನ್ನು ಸೈಮನ್ ಮುಂದೆ ಹೇಳಿಕೊಂಡಿದ್ದಾನೆ. ಇಬ್ಬರೂ ಕ್ವೀನ್ಸಿನ ಬೀದಿಯೊಂದರಲ್ಲಿ ಕಾರು ನಿಲ್ಲಿಸಿಕೊಂಡು, ಮಾಡಲು ಏನೂ ಕೆಲಸವಿಲ್ಲದೆ ಕೂತಿದ್ದರು. ರೇಡಿಯೊದಲ್ಲಿ ದೇಶದ ನಂಬರ್ ಒನ್ ಹಾಡು ಎಂದು ಅವರದೇ ಹಾಡು ಬಂತು. ಗಾರ್ಫಂಕೆಲ್ ತಿರುಗಿ, ಆ ಸೈಮನ್ ಮತ್ತು ಗಾರ್ಫಂಕೆಲ್ ಇಬ್ಬರೂ ಈಗ ಎಷ್ಟು ಮಜಾ ಮಾಡುತ್ತಿರಬಹುದಲ್ಲ ಎಂದನಂತೆ. ಈ ಹಾಡಿನ ಬಗ್ಗೆ ಬಂದ ವಿಮರ್ಶೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು.

ತರಾತುರಿಯಲ್ಲಿ ಇಬ್ಬರನ್ನೂ ಸ್ಟುಡಿಯೊಗೆ ನೂಕಿ ಹೊಸ ಆಲ್ಬಂ ಮಾಡಿಸಿ ಅದೇ ಜನವರಿಯಲ್ಲಿ ಮಾರುಕಟ್ಟೆಗೆ ಬಿಡಲಾಯಿತು. ನಿರ್ಮಾಪಕ ಮಾತ್ರ ವಿಲ್ಸನ್ ಅಲ್ಲ, ಬಾಬ್ ಜಾನ್‌ಸ್ಟನ್. ವಿಲ್ಸನ್ ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿಯಾಗಿತ್ತು. ಡಿಲನ್‌ನ ಮುಂದಿನ ಕೆಲಸವೂ ಜಾನ್‌ಸ್ಟನ್ ಪಾಲಾಯಿತು. ವಿಲ್ಸನ್ ಆಮೇಲೆ ಫ್ರ್ಯಾಂಕ್ ಝಪ್ಪಾ, ವೆಲ್ವೆಟ್ ಅಂಡರ್‌ಗ್ರೌಂಡ್ ಅಂಥವರ ಮೊದಲ ರೆಕಾರ್ಡುಗಳಿಗೆ ಕೈ ಹಚ್ಚಿ, 1978ರಲ್ಲಿ 47ನೇ ವಯಸ್ಸಿಗೆ ತೀರಿಕೊಂಡ. ರಾಕ್ ಸಂಗೀತದ ನಾಲ್ಕಾರು ಬಾಗಿಲುಗಳ ಚಿಲಕ ತೆಗೆದವನು. ಒಳಗೆ ಹೋದವರ ಹೆಸರು ಉಳಿಯಿತು. ಅವನು ಮಾಡಿದ್ದು ಸರಿಯೇ? ಅನುಮತಿಯ ಮಾತು ತೆಗೆದರೆ ಖಂಡಿತ ತಪ್ಪು. ಕಿವಿಯ ಮಾತು ತೆಗೆದರೆ, ಆ ತಪ್ಪಿಗೆ ನಾನು ಚಿರಋಣಿ.

ಯಾಕೆಂದರೆ ಮೂಲ ರೂಪ ಚೆನ್ನಾಗಿದೆ, ಆದರೆ ತುಸು ಅತಿ ಸಜ್ಜನ. ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತ ಹುಡುಗರು ಹಾಡಿದ ಹಾಗೆ. ಪಲ್ಲವಿ ಇಲ್ಲದ ಐದು ಚರಣ. ಪ್ರತಿ ಚರಣ ತಗ್ಗಿನಲ್ಲಿ ಶುರುವಾಗಿ ಮೆಟ್ಟಿಲು ಮೆಟ್ಟಿಲು ಹತ್ತಿ ಮತ್ತೆ ಅದೇ ಒಂದು ಶಬ್ದಕ್ಕೆ ಇಳಿಯುತ್ತದೆ. ನಮ್ಮಲ್ಲಿ ಇಬ್ಬರು ಕೂಡಿ ಹಾಡಿದರೆ ಸಾಮಾನ್ಯವಾಗಿ ಒಂದೇ ಸ್ವರ ಹಿಡಿಯುತ್ತಾರೆ. ಇಲ್ಲಿ ಹಾಗಲ್ಲ, ಒಬ್ಬ ಮೇಲಿನ ಸ್ವರದಲ್ಲಿ, ಇನ್ನೊಬ್ಬ ಅದಕ್ಕೆ ಒಪ್ಪುವ ಕೆಳಗಿನ ಸ್ವರದಲ್ಲಿ ಜೊತೆಜೊತೆಗೇ ಹೋಗುತ್ತಾರೆ. ಒಂಟಿತನದ ಹಾಡನ್ನು ಇಬ್ಬರು ಇಷ್ಟು ಒತ್ತಾಗಿ ಹಾಡುವುದೇ ಒಂದು ಚೋದ್ಯ. ಮೂಲದಲ್ಲಿ ಆ ಇಬ್ಬರು ಪರಸ್ಪರ ಸಾಂತ್ವನ ಹೇಳಿಕೊಂಡಂತೆ ಕೇಳಿಸುತ್ತದೆ. ವಿಲ್ಸನ್‌ನ ಡ್ರಮ್ಮು ಬಂದ ಮೇಲೆ ಸಾಂತ್ವನಕ್ಕೆ ಪುರಸೊತ್ತಿಲ್ಲ. ಹಿಂದಿನಿಂದ ಯಾರೋ ನೂಕುತ್ತಿದ್ದಾರೆ, ಇವರು ಮಾತ್ರ ಹಳೆಯ ನಡಿಗೆಯಲ್ಲೇ ನಡೆಯುತ್ತಿದ್ದಾರೆ. ನಗರದ ಜನಜಂಗುಳಿಯ ನಡುವೆ ಒಬ್ಬನೇ ಇರುವುದು ಎಂದು ಹಾಡು ಏನನ್ನು ಹೇಳುತ್ತದೋ ಅದನ್ನು ಆ ಹೊಂದದ ಲಯ ಮಾಡಿ ತೋರಿಸುತ್ತದೆ. ಬೇಕೆಂದು ಕೂತು ಯೋಜಿಸಿದ್ದರೆ ಹೀಗೆ ಬರುತ್ತಿರಲಿಲ್ಲ.

ಪದಗಳ ಬಗ್ಗೆ ನನಗೆ ಸಣ್ಣ ತಕರಾರು ಇದೆ. ಇಪ್ಪತ್ತೆರಡರ ಹುಡುಗನಿಗೆ ಇರುವ ಗುರುವಿನ ಗತ್ತು ನಾಲ್ಕನೇ ಚರಣದಲ್ಲಿ ಇಣುಕುತ್ತದೆ, ಮೂರ್ಖರೇ ಕೇಳಿರಿ ಎಂಬ ಧಾಟಿ. ಅದನ್ನು ದಾಟಿದರೆ ಚಿತ್ರಗಳು ನಿಜಕ್ಕೂ ಒಳ್ಳೆಯವು. ಬೀದಿದೀಪದ ಕೆಳಗೆ ಕಾಲರು ಎತ್ತಿಕೊಂಡು ನಡೆಯುವವನು. ಬಾಯಿ ಆಡಿದರೂ ಮಾತು ದಾಟದ, ಕಿವಿ ಇದ್ದರೂ ಒಳಗಿಳಿಯದ ಜನಸಾಗರ. ತಾವೇ ಮಾಡಿಟ್ಟ ನಿಯಾನ್ ದೀಪಕ್ಕೆ ಕೈಮುಗಿಯುವವರು. ಪ್ರವಾದಿಗಳ ಮಾತನ್ನು ಹುಡುಕಬೇಕಾದ್ದು ರೈಲು ಸುರಂಗದ ಗೋಡೆಯ ಮೇಲೆ ಎಂಬ ಕೊನೆ. ಆ ನಿಯಾನ್ ದೇವರನ್ನು ಈಗ ಎಲ್ಲರೂ ಮೊಬೈಲಿಗೆ ಹಚ್ಚಿ ಭಾಷಣ ಮಾಡುತ್ತಾರೆ. ನನಗೆ ಅದು ತೀರ ಅಗ್ಗದ ಓದು ಅನಿಸುತ್ತದೆ. 1964ರಲ್ಲಿ ಅದನ್ನೇ ಟಿ.ವಿಗೆ ಹಚ್ಚುತ್ತಿದ್ದರು.

ವಚನ ಓದಿ ಬೆಳೆದ ನಮಗೆ ನಿಶ್ಶಬ್ದ ಎಂದ ಕೂಡಲೇ ಅಲ್ಲಮ ನೆನಪಾಗುತ್ತಾನೆ. ನಾನೂ ಹಾಸ್ಟೆಲಿನ ದಿನಗಳಲ್ಲಿ ಇವೆರಡನ್ನೂ ಗಂಟು ಹಾಕಿ ಗೆಳೆಯರ ತಲೆ ತಿಂದಿದ್ದೇನೆ. ಈಗ ನಾಚಿಕೆಯಾಗುತ್ತದೆ. ಅಲ್ಲಮನಿಗೆ ನಿಶ್ಶಬ್ದ ಮಾತೆಲ್ಲ ಕಳಚಿದ ಮೇಲೆ ತಲುಪುವ ಬಯಲು, ಅದೊಂದು ಗಳಿಕೆ. ಸೈಮನ್‌ಗೆ ಅದು ರೋಗ, ಜನರ ನಡುವೆ ಗಡ್ಡೆಯ ಹಾಗೆ ಬೆಳೆಯುವ ಪಿಡುಗು. ಒಬ್ಬ ಬಯಸಿದ್ದಕ್ಕೆ ಇನ್ನೊಬ್ಬ ಹೆದರಿದ್ದಾನೆ. ಶಬ್ದ ಒಂದೇ ಎಂದು ಮನೆ ಒಂದೇ ಆಗುವುದಿಲ್ಲ.

ಹಾಡಿಗೆ ಮೂರನೆಯ ಜನ್ಮ ಕೊಟ್ಟದ್ದು ಸಿನಿಮಾ, ಅದೂ ಆಕಸ್ಮಿಕವೇ. ನಿರ್ದೇಶಕ ಮೈಕ್ ನಿಕೋಲ್ಸ್ 'ದಿ ಗ್ರ್ಯಾಜುಯೇಟ್' ಸಂಕಲನ ಮಾಡುವಾಗ, ನಿಜವಾದ ಸಂಗೀತ ಬರುವ ತನಕ ಇರಲಿ ಎಂದು ಕೆಲವು ದೃಶ್ಯಗಳಿಗೆ ಸೈಮನ್ ಮತ್ತು ಗಾರ್ಫಂಕೆಲ್ ಹಾಡುಗಳನ್ನು ಅಂಟಿಸಿಕೊಂಡಿದ್ದ. ನೋಡುತ್ತ ನೋಡುತ್ತ ಬೇರೆ ಯಾವುದೂ ಹೊಂದದಂತಾಯಿತು. ಅಂಟಿಸಿದ್ದೇ ಉಳಿಯಿತು. 1967ರ ಡಿಸೆಂಬರಿನಲ್ಲಿ ತೆರೆಗೆ ಬಂದ ಚಿತ್ರದ ಆರಂಭದಲ್ಲಿ ಡಸ್ಟಿನ್ ಹಾಫ್‌ಮನ್ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಚಲಿಸುವ ಹಾದಿಯ ಮೇಲೆ ಮೂಟೆಯ ಹಾಗೆ ನಿಂತಿದ್ದಾನೆ. ಅವನು ನಡೆಯುತ್ತಿಲ್ಲ, ಹಾದಿಯೇ ಒಯ್ಯುತ್ತಿದೆ. ಮೇಲೆ ಈ ಹಾಡು.

ಕೊನೆಯ ದೃಶ್ಯ ಇನ್ನೂ ಚೆನ್ನ. ಮದುವೆ ಮಂಟಪದಿಂದ ಹುಡುಗಿಯನ್ನು ಹಾರಿಸಿಕೊಂಡು ಬಂದು ಬಸ್ಸಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕೂರುತ್ತಾರೆ, ಏದುಸಿರು ಬಿಡುತ್ತ ನಗುತ್ತಾರೆ. ನಮ್ಮ ಸಿನಿಮಾ ಆಗಿದ್ದರೆ ಅಲ್ಲಿ 'ಶುಭಂ'. ನಿಕೋಲ್ಸ್‌ನ ಕ್ಯಾಮೆರಾ ನಿಲ್ಲುವುದಿಲ್ಲ. ನಗು ಆರುತ್ತದೆ. ಇಬ್ಬರೂ ಎದುರಿಗೆ ನೋಡುತ್ತಾರೆ. ಒಬ್ಬರಿಗೊಬ್ಬರು ಹೇಳಲು ಏನೂ ಇಲ್ಲ. ಆಗ ಮತ್ತೆ ಅದೇ ಹಾಡು. ಈಗಿನ ಮೀಮುಗಳ ಆ ಸೋತ ಮುಖ, ಹತ್ತಿರ ಸರಿಯುವ ಕ್ಯಾಮೆರಾ ಎಲ್ಲದರ ಮೂಲ ಈ ಬಸ್ಸಿನ ಹಿಂದಿನ ಸೀಟು ಎಂಬುದು ನನ್ನ ಗುಮಾನಿ.

ಇಲ್ಲೊಂದು ಪಕ್ಕದ ಮಾತು. ವಿಲ್ಸನ್‌ನ ಮೇಲಿನ ಆರೋಪ ನಮ್ಮಲ್ಲೂ ಕೇಳಿದ್ದೇವೆ. ಸಿ. ಅಶ್ವತ್ಥ್ ಅವರು ಶಿಶುನಾಳ ಶರೀಫರ ತತ್ವಪದಗಳನ್ನು ತುಂಬು ವಾದ್ಯಮೇಳದೊಂದಿಗೆ ಹಾಡಿದಾಗ, ಏಕತಾರಿ, ದಮ್ಮಡಿಗಳ ಪದಕ್ಕೆ ಇಷ್ಟೊಂದು ಒಡವೆ ಯಾಕೆ ಎಂದು ಗೊಣಗಿದವರಿದ್ದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅದೇ ಶರೀಫರಿಗೆ ವಿದ್ಯುತ್ ಗಿಟಾರು, ಡ್ರಮ್ಮು ಕಟ್ಟಿದಾಗ ಗೊಣಗಾಟದ ಶ್ರುತಿ ಏರಿತು. 1889ರಲ್ಲೇ ತೀರಿಹೋದ ಶರೀಫರನ್ನು ಯಾರೂ ಕೇಳುವಂತಿರಲಿಲ್ಲ. ನನ್ನ ಕಿವಿಗೆ ಈ ಪ್ರಯತ್ನಗಳಲ್ಲಿ ಕೆಲವು ದಕ್ಕಿವೆ, ಕೆಲವು ದಕ್ಕಿಲ್ಲ. ದಕ್ಕಿದವುಗಳಲ್ಲೆಲ್ಲ ಒಂದು ಗುಣ ಇದೆ: ಡ್ರಮ್ಮಿನವನು ಪದದ ಉಸಿರಿಗೆ ಕಾದಿದ್ದಾನೆ.

ಆಮೇಲೆ ಹಾಡು ಯಾರ ಯಾರ ಮನೆ ಹೊಕ್ಕಿತೋ ಲೆಕ್ಕವಿಲ್ಲ. 2015ರಲ್ಲಿ 'ಡಿಸ್ಟರ್ಬ್ಡ್' ಎಂಬ ಅಬ್ಬರದ ಮೆಟಲ್ ತಂಡ ಅದನ್ನು ಪಿಯಾನೊ, ವಯಲಿನ್ ಮೇಳದೊಂದಿಗೆ ಹಾಡಿತು. ಗಾಯಕ ಡೇವಿಡ್ ಡ್ರೇಮನ್ ಪಾತಾಳದ ಸ್ವರ ಹಿಡಿದು ಶುರುಮಾಡಿ, ಕೊನೆಗೆ ಗುಡುಗುತ್ತಾನೆ. ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ಜನ ನೋಡಿದ್ದಾರೆ. ಮರುವರ್ಷ ಟಿ.ವಿ ಕಾರ್ಯಕ್ರಮವೊಂದರಲ್ಲಿ ಅವರು ಹಾಡಿದ್ದನ್ನು ನೋಡಿ ಸೈಮನ್ ಮೆಚ್ಚಿ ಇಮೇಲ್ ಕಳಿಸಿದ. ಈ ಸಲ ಬೆಚ್ಚಿಬೀಳಲಿಲ್ಲ, ಐವತ್ತು ವರ್ಷದಲ್ಲಿ ಅಭ್ಯಾಸವಾಗಿರಬೇಕು. ನನಗೆ ಆ ಗುಡುಗು ಮೊದಲ ಸಲ ರೋಮಾಂಚನ, ಮೂರನೇ ಸಲ ಸುಸ್ತು. ಅದೇ 2016ರಲ್ಲಿ ಬ್ಯಾಟ್‌ಮನ್ ಚಿತ್ರದ ಪ್ರಚಾರದ ಸಂದರ್ಶನದಲ್ಲಿ ಪೆಚ್ಚಾಗಿ ಕೂತಿದ್ದ ನಟ ಬೆನ್ ಆಫ್ಲೆಕ್‌ನ ಮುಖಕ್ಕೆ ಯಾರೋ ಮೂಲ ಹಾಡು ಅಂಟಿಸಿದರು. ಅಲ್ಲಿಂದ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ.

ನಗೆಯ ಸರಕಾದ ಹಾಡು ಮತ್ತೆ ಗಂಭೀರವಾಗುವುದು ಕಷ್ಟ. ಇದು ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದೆ. 2011ರ ಸೆಪ್ಟೆಂಬರ್ 11ರಂದು, ಅವಳಿ ಗೋಪುರ ಉರುಳಿದ ಹತ್ತನೇ ವರ್ಷದ ದಿನ, ಸತ್ತವರ ಹೆಸರುಗಳನ್ನು ಓದುತ್ತಿದ್ದ ಆ ಜಾಗದಲ್ಲಿ ಸೈಮನ್ ಗಿಟಾರು ಹಿಡಿದು ನಿಂತ. ಬೇರೊಂದು ಹಾಡು, ಸಾಂತ್ವನದ್ದು, ಹಾಡಬೇಕೆಂದು ಗೊತ್ತಾಗಿತ್ತು. ಅವನು ಹಾಡಿದ್ದು ಇದನ್ನು. ತಂದೆ ತಾಯಿ ಕಳೆದುಕೊಂಡ ಮಕ್ಕಳು ಎದುರಿಗಿದ್ದರು. ಬಚ್ಚಲಿನ ಹುಡುಗನ ಅದೇ ಪದಗಳು. ಬರೆದಾಗ ಅವನಿಗೇ ಗೊತ್ತಿರದ ಭಾರವನ್ನು ಆ ದಿನ ಹೊತ್ತವು.

2018ರ ಸೆಪ್ಟೆಂಬರ್ 22ರಂದು ಅವನ ವಿದಾಯ ಪ್ರವಾಸದ ಕೊನೆಯ ಕಛೇರಿ ನಡೆದದ್ದು ಕ್ವೀನ್ಸಿನ ಫ್ಲಷಿಂಗ್ ಮೆಡೋಸ್ ಉದ್ಯಾನದಲ್ಲಿ. ಬಾಲ್ಯದ ಆ ಬಚ್ಚಲುಮನೆಯಿಂದ ಬಹಳ ದೂರವಿಲ್ಲ. ದೊಡ್ಡ ವಾದ್ಯಮೇಳ ಜೊತೆಗಿತ್ತು. ಕೊನೆಯ ಹಾಡಿಗೆ ಒಬ್ಬನೇ ನಿಂತ. ಡ್ರಮ್ಮಿಲ್ಲ, ಗಾರ್ಫಂಕೆಲ್ ಇಲ್ಲ. ಮುಂದೆ 2023ರಲ್ಲಿ, ಎಡಗಿವಿ ಬಹುಮಟ್ಟಿಗೆ ಕೇಳಿಸುವುದಿಲ್ಲ ಎಂದು ಅವನೇ ಹೇಳಿದ.

ಅಕ್ಕನ ಮಗನಿಗೆ ಹಾಡಿನ ಎರಡೂ ರೂಪ ಕಳಿಸಿದ್ದೆ. ಎರಡು ದಿನ ಬಿಟ್ಟು ಉತ್ತರ ಬಂತು: "ಮಾಮಾ, ಡ್ರಮ್ ನಿಧಾನ ಆಗೋದು ಎಲ್ಲಿ? ನಂಗೆ ಗೊತ್ತಾಗ್ತಿಲ್ಲ." ನಿಜ ಹೇಳಬೇಕೆಂದರೆ ನನಗೂ ಖಚಿತವಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ, ಅದೊಂದನ್ನೇ ಹುಡುಕುತ್ತ ಎಷ್ಟೋ ರಾತ್ರಿ ಕೇಳಿದ್ದೇನೆ. ಮೂರನೇ ಚರಣದ ಸುಮಾರಿಗೆ ಬಾಬಿ ಗ್ರೆಗ್‌ನ ಕೈ ಒಂದು ಕೂದಲೆಳೆಯಷ್ಟು ತಡೆದ ಹಾಗೆ ಅನಿಸುತ್ತದೆ, ಮುಂದೆ ಹೋದವನು ತಿರುಗಿ, ಹಿಂದಿನವರು ಬಂದರೇ ಎಂದು ನೋಡಿದ ಹಾಗೆ. ಮರುದಿನ ಅದೇ ಜಾಗಕ್ಕೆ ಹೋದರೆ ಅಲ್ಲಿ ಏನೂ ಇರುವುದಿಲ್ಲ. ನೀನೇ ಇನ್ನೊಂದು ಸಲ ಕೇಳಿ ಹೇಳು ಎಂದು ಬರೆದೆ.